ಪುಡಿ ಕೊಟ್ಟರೆ ಸಾಲದು, ಬೀಜ ಬೇಕು

ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮನ್‌ನಿಂದ ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಪ್ರತೀತಿ ಎಲ್ಲರಿಗೂ ಗೊತ್ತು. ಅರಬ್ ವರ್ತಕರು ಕಾಫಿಯನ್ನು ಧಾರಾಳವಾಗಿ ಮಾರುತ್ತಿದ್ದರು, ಮೊಳೆಯುವ ಬೀಜವನ್ನು ಮಾತ್ರ ಹೊರಗೆ ಬಿಡುತ್ತಿರಲಿಲ್ಲವಂತೆ. ಪುಡಿಯಿಂದ ಕಾಫಿ ಕುಡಿಯಬಹುದು, ತೋಟ ಮಾಡಲಾಗದು. ಗಣಕಯಂತ್ರದ ಲೋಕದಲ್ಲೂ ಇಂಥದೇ ಕಥೆಯೊಂದಿದೆ.

ಗಣಕಯಂತ್ರದ ಪರದೆ, ಕೀಲಿಮಣೆ, ಡಿಸ್ಕ್‌ಗಳನ್ನು ಒಟ್ಟಿಗೆ ದುಡಿಸುವ ಮೂಲ ತಂತ್ರಾಂಶವೇ ಕಾರ್ಯಾಚರಣ ವ್ಯವಸ್ಥೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಆರಂಭಿಸಿದ ಯುನಿಕ್ಸ್ ಅಂಥದೊಂದು ವ್ಯವಸ್ಥೆ. ಮನುಷ್ಯರು ಓದಿ ತಿದ್ದಬಲ್ಲ ಅದರ ಬರಹಕ್ಕೆ ಆಕರ ಸಂಕೇತ ಎನ್ನುತ್ತಾರೆ. ಯಂತ್ರಕ್ಕೆ ಮಾತ್ರ ಅರ್ಥವಾಗುವಂತೆ ಪರಿವರ್ತಿಸಿದ್ದು ಪುಡಿ. ಆಕರ ಸಂಕೇತವೇ ಬೀಜ. ವ್ಯಾಪಾರ ಬೆಳೆದಂತೆ ಬೀಜ ಪರವಾನಗಿಯ ಬೀಗದೊಳಗೆ ಸೇರಿತು. ಯುನಿಕ್ಸ್‌ನಂಥದೇ ಮುಕ್ತ ವ್ಯವಸ್ಥೆ ಕಟ್ಟುವುದಾಗಿ 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ‘ಗ್ನೂ’ ಯೋಜನೆ ಘೋಷಿಸಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ‘ಲಿನಕ್ಸ್’ ತಿರುಳನ್ನು ಹೊರತಂದರು. ಇವೆರಡನ್ನೂ ಕೂಡಿಸಿ, ಯಾರು ಬೇಕಾದರೂ ಹಾಕಿಕೊಳ್ಳುವಂತೆ ಹಂಚುವ ‘ಡೆಬಿಯನ್’ 1993ರಲ್ಲಿ ಆರಂಭವಾಯಿತು.

ಇದರಿಂದ ಕನ್ನಡಕ್ಕೇನು ಲಾಭ? ಮೂಡಿಗೆರೆಯ ತೋಟದಲ್ಲಿದ್ದುಕೊಂಡೇ ಪೂರ್ಣಚಂದ್ರ ತೇಜಸ್ವಿ ಅವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಹೋರಾಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು’ ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು. 2007ರಲ್ಲಿ ಅವರು ತೀರಿಕೊಂಡರು. 2011ರ ಫೆಬ್ರುವರಿಯಲ್ಲಿ ಬಂದ ಡೆಬಿಯನ್‌ನ ಆರನೆಯ ಆವೃತ್ತಿಯಲ್ಲಿ, ಅನುಸ್ಥಾಪನೆಯ ಭಾಷೆಗಳ ಪಟ್ಟಿಗೆ ಕನ್ನಡ ಸೇರಿತು. ಬೀಜ ಕೈಯಲ್ಲಿದ್ದುದರಿಂದ ಇದಕ್ಕೆ ಯಾವ ಕಂಪನಿಯ ಅಪ್ಪಣೆಯೂ ಬೇಕಾಗಲಿಲ್ಲ.

ಆದರೆ ಕನ್ನಡ ಸೇರಿದ್ದು ಚಿತ್ರರೂಪದ ಪರದೆಗೆ ಮಾತ್ರ. ಹಳೆಯ ಅಕ್ಷರ ಪರದೆಯು ಚೌಕಳಿಯಿದ್ದಂತೆ, ಒಂದು ಮನೆಗೆ ಒಂದು ಅಕ್ಷರ. ಇಂಗ್ಲಿಷಿಗೆ ಇಷ್ಟು ಸಾಕು. ನಮ್ಮ ‘ಸ್ತ್ರೀ’ ಎಂಬ ಒಂದೇ ಅಕ್ಷರದ ಹಿಂದೆ ಯೂನಿಕೋಡ್‌ನ ಆರು ಸಂಕೇತಗಳಿವೆ. ಒತ್ತನ್ನು ಕೆಳಗಿಳಿಸಿ, ದೀರ್ಘವನ್ನು ಪಕ್ಕಕ್ಕೆ ಜೋಡಿಸುವ ಕೆಲಸ ಆ ಚೌಕಳಿಗೆ ಬಾರದು.

ಅನುಸ್ಥಾಪನೆ ಎಂದರೆ ಪೆನ್‌ಡ್ರೈವ್‌ನಿಂದ ಯಂತ್ರ ಚಾಲೂ ಮಾಡಿ, ಭಾಷೆ ಆರಿಸಿ, ಡಿಸ್ಕ್‌ನಲ್ಲಿ ಜಾಗ ಗೊತ್ತುಮಾಡುವುದು. ಅಪಾಯವಿರುವುದು ಈ ಕೊನೆಯ ಹಂತದಲ್ಲೇ. ಯಾವ ಭಾಗವನ್ನು ಅಳಿಸಬೇಕು ಎಂಬ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ತೋಟದ ವರ್ಷಗಳ ಲೆಕ್ಕಪತ್ರವೂ ಮಕ್ಕಳ ಫೋಟೋಗಳೂ ಹೋದಂತೆ. ಆ ಪ್ರಶ್ನೆ ತನಗೆ ತಿಳಿಯುವ ಭಾಷೆಯಲ್ಲಿರಬೇಕು ಎನ್ನುವುದು ಬರಿಯ ಭಾಷಾಭಿಮಾನದ ಮಾತಲ್ಲ. ಸ್ವಂತ ಕಡತಗಳಿಗೆ ಬೇರೆಯೇ ಭಾಗ ಮಾಡಿಟ್ಟರೆ, ಮುಂದೆ ವ್ಯವಸ್ಥೆಯನ್ನು ಹೊಸದಾಗಿ ಹಾಕುವಾಗ ಆ ಭಾಗವನ್ನು ಮುಟ್ಟದೆ ಬಿಡಬಹುದು. ನೆರಳಿನ ಮರ ಉಳಿಸಿಕೊಂಡು ಕಾಫಿ ಗಿಡ ಬದಲಾಯಿಸಿದ ಹಾಗೆ.

ಸುಮಾರು ಎರಡು ವರ್ಷಕ್ಕೊಮ್ಮೆ ಡೆಬಿಯನ್‌ನ ಹೊಸ ಆವೃತ್ತಿ ಬರುತ್ತದೆ. ಆಗ ಎಲ್ಲವನ್ನೂ ಅಳಿಸಬೇಕಿಲ್ಲ; ಹಳೆಯ ತಂತ್ರಾಂಶಗಳ ಜಾಗಕ್ಕೆ ಹೊಸವನ್ನು ಕೂರಿಸುತ್ತ ಹೋದರಾಯಿತು. ಆದರೆ ನೂರಾರು ಪೊಟ್ಟಣಗಳನ್ನು ಇಳಿಸಿಕೊಳ್ಳಲು ಗಂಟೆಗಳೇ ಬೇಕಾದೀತು. ಆಷಾಢದ ಮಳೆಯಲ್ಲಿ ಕಳಸದ ಕಡೆ ಕರೆಂಟಿನ ಭರವಸೆ ಎಷ್ಟೆಂದು ಹೇಳಬೇಕಾಗಿಲ್ಲ. ನಡುವೆ ಕರೆಂಟು ಹೋದರೂ ಸಾಮಾನ್ಯವಾಗಿ ಗಾಬರಿಪಡಬೇಕಿಲ್ಲ. ಯಾವ ಪೊಟ್ಟಣ ಪೂರ್ತಿಯಾಯಿತು, ಯಾವುದು ಅರ್ಧಕ್ಕೆ ನಿಂತಿತು ಎಂಬುದನ್ನು ವ್ಯವಸ್ಥೆ ತೋಟದ ಚೆಕ್‌ರೋಲ್‌ನಂತೆ ಬರೆದಿಟ್ಟಿರುತ್ತದೆ. ಬಾಕಿ ಮುಗಿಸೆಂದು ಆಜ್ಞೆ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ತಿರುಳಿನ ಕಡತಗಳೇ ಕೆಟ್ಟರೆ ಮಾತ್ರ ಮತ್ತೆ ಪೆನ್‌ಡ್ರೈವ್ ಹುಡುಕಬೇಕು. ಹಾಗಾಗಿ ಮಾಡುವ ಮೊದಲು ಕಡತಗಳ ಪ್ರತಿ ತೆಗೆದಿಡುವುದು, ಯುಪಿಎಸ್ ಇಟ್ಟುಕೊಳ್ಳುವುದು ಕ್ಷೇಮ.

ಬೀಜ ಸಿಕ್ಕ ಮಾತ್ರಕ್ಕೆ ತೋಟವಾಗದು. ಪ್ರತಿ ಆವೃತ್ತಿಯಲ್ಲೂ ಹೊಸ ವಾಕ್ಯಗಳು ಸೇರುತ್ತವೆ. ಅವನ್ನು ಅನುವಾದಿಸುವವರಿಲ್ಲದಿದ್ದರೆ ಆ ಜಾಗದಲ್ಲಿ ಇಂಗ್ಲಿಷೇ ಉಳಿಯುತ್ತದೆ. ಈ ಕೆಲಸ ಮಾಡುವವರು ಹೆಚ್ಚಾಗಿ ಸ್ವಯಂಸೇವಕರು. ಕನ್ನಡ ಚೆನ್ನಾಗಿ ಬಲ್ಲ ಯಾರು ಬೇಕಾದರೂ ಅವರ ಜೊತೆ ಸೇರಬಹುದು.