ಬಾಣಂತನಕ್ಕಲ್ಲದ ಪ್ರಯಾಣ

ನಮ್ಮಲ್ಲಿ ಅನೇಕ ಮನೆತನಗಳ ಮದುವೆಯಲ್ಲಿ ಕಾಶಿಯಾತ್ರೆ ಎಂಬ ಶಾಸ್ತ್ರವಿದೆ. ಮದುಮಗ ಪಂಚೆಯುಟ್ಟು, ಕೊಡೆ, ಕೋಲು ಹಿಡಿದು ಕಾಶಿಗೆ ಹೊರಡುತ್ತಾನೆ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹೆಣ್ಣಿನ ತಂದೆ ಎದುರು ಬಂದು, ಮಗಳನ್ನು ಕೊಡುವುದಾಗಿ ಹೇಳಿ, ಗೃಹಸ್ಥನಾಗೆಂದು ಒಪ್ಪಿಸಿ ಮಂಟಪಕ್ಕೆ ಕರೆತರುತ್ತಾರೆ. ನೆಂಟರಿಷ್ಟರು ನಗುತ್ತಾರೆ, ಓಲಗ ಜೋರಾಗುತ್ತದೆ. ಯೋಚಿಸಿ ನೋಡಿದರೆ, ನಮ್ಮ ದಾಂಪತ್ಯ ಆರಂಭವಾಗುವುದೇ ರದ್ದಾದ ಒಂದು ಪ್ರಯಾಣದಿಂದ. ಅದನ್ನು ಮುಂದೆ ಎಂದು ಪೂರೈಸಬೇಕೆಂದು ಯಾವ ಪುರೋಹಿತರೂ ಹೇಳುವುದಿಲ್ಲ. ಜವಾಬ್ದಾರಿಗಳೆಲ್ಲ ಮುಗಿದ ಮೇಲೆ ಎಂಬ ತಿಳಿವಳಿಕೆಯೊಂದು ಮಾತ್ರ ಎಲ್ಲರಲ್ಲೂ ಇರುತ್ತದೆ. ಜವಾಬ್ದಾರಿಗಳಿಗೋ ಮುಗಿಯುವ ಅಭ್ಯಾಸವಿಲ್ಲ.

ಬೆಂಗಳೂರಿನ ಮಧ್ಯಮ ವರ್ಗದ ನನ್ನ ವಯಸ್ಸಿನವರಿಗೆ ವಿದೇಶ ಪ್ರಯಾಣ ಹೊಸದೇನಲ್ಲ. ನಮ್ಮ ಬಡಾವಣೆಯ ಉದ್ಯಾನದಲ್ಲಿ ಬೆಳಿಗ್ಗೆ ನಡೆಯಲು ಬರುವವರಲ್ಲಿ ಅಮೆರಿಕ ನೋಡದವರನ್ನು ಹುಡುಕಬೇಕು. ಆದರೆ ‘ಏನು ನೋಡಿದಿರಿ’ ಎಂದು ಕೇಳಿ. ಹೆಂಗಸರಲ್ಲಿ ಹೆಚ್ಚಿನವರು ನೋಡಿದ್ದು ಮಗಳ ಅಥವಾ ಸೊಸೆಯ ಅಡುಗೆಮನೆಯನ್ನು. ಅಂಟಿನುಂಡೆ, ಶುಂಠಿ, ಮೆಂತ್ಯದ ಪುಡಿಗಳನ್ನು ತೂಕ ನೋಡಿ ನೋಡಿ ಪೆಟ್ಟಿಗೆಗೆ ತುಂಬಿ, ಆರು ತಿಂಗಳ ಬಾಣಂತನ ಮುಗಿಸಿ ಬಂದವರು ಅವರು. ನನ್ನ ಹೆಂಡತಿ ಹಾಗೆ ಎರಡು ಬಾರಿ ಹೋಗಿ ಬಂದಳು. 2011ರಲ್ಲಿ ಮಗಳಿಗಾಗಿ, 2014ರಲ್ಲಿ ಸೊಸೆಗಾಗಿ. ಮೊಮ್ಮಕ್ಕಳನ್ನು ಎತ್ತಿ ಆಡಿಸಿದ ಸುಖಕ್ಕೆ ಬೆಲೆ ಕಟ್ಟಲಾಗದು. ಅದು ಕರ್ತವ್ಯವೂ ಹೌದು, ಸಂತೋಷವೂ ಹೌದು. ಆದರೆ ಆಕೆಯ ಕನಸು ಅದಾಗಿರಲಿಲ್ಲ.

ಆಕೆ ಮೂವತ್ತಮೂರು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿದವಳು. ಆಗ್ನೇಯ ಏಷ್ಯಾದ ಪಾಠ ಬಂದಾಗಲೆಲ್ಲ ಮಕ್ಕಳಿಗೆ ಅಂಗ್ಕೋರ್ ವಾಟ್ ದೇವಾಲಯದ ಒಂದು ಮಸುಕು ಚಿತ್ರ ತೋರಿಸುತ್ತಿದ್ದಳಂತೆ. ‘ಮಿಸ್, ನೀವು ಅಲ್ಲಿಗೆ ಹೋಗಿದ್ದೀರಾ?’ ಎಂದು ಪ್ರತಿವರ್ಷ ಒಂದಾದರೂ ಮಗು ಕೇಳುತ್ತಿತ್ತು. ನಮ್ಮ ಮದುವೆಯಾದದ್ದು 1982ರಲ್ಲಿ. ಆ ಪ್ರಶ್ನೆಯನ್ನು ಆಕೆ ಮನೆಗೆ ತಂದದ್ದು ಅದರ ಎರಡು ಮೂರು ವರ್ಷಗಳ ನಂತರ.

ಆಗ ಹೋಗಲು ಹಣವಿರಲಿಲ್ಲ ಎನ್ನುವುದು ಅರ್ಧ ಸತ್ಯ. ಹಣವಿದ್ದರೂ ಹೋಗುವುದು ಕಷ್ಟವಿತ್ತು. ‘ಫೆರಾ’ ಎಂದೇ ಹೆಸರಾಗಿದ್ದ 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಬ್ಯಾಂಕಿನಲ್ಲಿ ಕುಳಿತಿದ್ದ ನನ್ನಂಥವರಿಗೆ ಒಂದೊಂದು ಡಾಲರ್‌ನ ಹಿಂದಿದ್ದ ಅರ್ಜಿ, ಅನುಮತಿಗಳ ನೆನಪಿದೆ. ‘ಫೆಮಾ’ ಜಾರಿಗೆ ಬಂದದ್ದು 2000ದಲ್ಲಿ. ವರ್ಷಕ್ಕೆ 25 ಸಾವಿರ ಡಾಲರ್‌ವರೆಗೆ ಹೊರಗೆ ಕಳಿಸಲು ರಿಸರ್ವ್ ಬ್ಯಾಂಕ್ ಸಾಮಾನ್ಯರಿಗೂ ಅವಕಾಶ ಕೊಟ್ಟದ್ದು 2004ರಲ್ಲಿ. 2015ರಲ್ಲಿ ಆ ಮಿತಿ ಎರಡೂವರೆ ಲಕ್ಷ ಡಾಲರ್‌ಗೆ ಏರಿತು.

ಇತ್ತ ಬಾಗಿಲು ಮುಚ್ಚಿದ್ದ ಕಾಲಕ್ಕೆ ಅತ್ತಲೂ ಬಾಗಿಲು ಮುಚ್ಚಿತ್ತು. 1975ರಿಂದ 1979ರವರೆಗಿನ ಖ್ಮೇರ್ ರೂಜ್ ಆಡಳಿತದಲ್ಲಿ ಕಾಂಬೋಡಿಯಾ ತನ್ನ ಹದಿನೈದು ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ಆಮೇಲೂ ಅಂತರ್ಯುದ್ಧ ನಿಲ್ಲಲಿಲ್ಲ. ಕಾಡಿನ ತುಂಬ ನೆಲಬಾಂಬುಗಳಿದ್ದವು. ಅಂಥ ದಿನಗಳಲ್ಲೇ, 1986ರಿಂದ 1993ರವರೆಗೆ, ನಮ್ಮ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ತಜ್ಞರು ಅಂಗ್ಕೋರ್ ವಾಟ್‌ನಲ್ಲಿ ಸಂರಕ್ಷಣೆಯ ಕೆಲಸ ಮಾಡಿದರು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? 1992ರಲ್ಲಿ ಯುನೆಸ್ಕೊ ಅಂಗ್ಕೋರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ, ಜೊತೆಯಲ್ಲೇ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿಸಬೇಕಾಯಿತು. ಆ ಎರಡನೆಯ ಪಟ್ಟಿಯಿಂದ ಅದು ಹೊರಬಂದದ್ದು 2004ರಲ್ಲಿ.

ನಾವು 1988ರಲ್ಲಿ ಈ ಪ್ರಯಾಣಕ್ಕೆಂದೇ ಒಂದು ಆವರ್ತ ಠೇವಣಿ ತೆರೆದಿದ್ದೆವು, ತಿಂಗಳಿಗೆ ನೂರು ರೂಪಾಯಿಯದು. ಅದನ್ನು ಮೂರು ಬಾರಿ ಬೇರೆಯದಕ್ಕೆ ಬಳಸಿದೆವು: 1993ರಲ್ಲಿ ನನ್ನ ತಂದೆಯವರ ಹೃದಯದ ಶಸ್ತ್ರಚಿಕಿತ್ಸೆಗೆ, 2001ರಲ್ಲಿ ಮಗನ ಎಂಜಿನಿಯರಿಂಗ್ ಸೀಟಿಗೆ, 2009ರಲ್ಲಿ ಮಗಳ ಮದುವೆಗೆ. ಇದರಲ್ಲಿ ಯಾವುದರ ಬಗೆಗೂ ನಮಗೆ ವಿಷಾದವಿಲ್ಲ. ಪ್ರತಿಬಾರಿಯೂ ಆಕೆಯೇ ಪಾಸ್‌ಬುಕ್ ತಂದು ಮೇಜಿನ ಮೇಲಿಟ್ಟಳು, ಮುಂದಿನ ತಿಂಗಳೇ ಮತ್ತೆ ಖಾತೆ ತೆರೆಸಿದಳು. ಮಧ್ಯಮ ವರ್ಗದ ಮನೆಯಲ್ಲಿ ಆಸೆ ಸಾಯುವುದಿಲ್ಲ, ಅವಧಿ ವಿಸ್ತರಣೆಯಾಗುತ್ತದೆ ಅಷ್ಟೆ.

ಆ ವಿಸ್ತರಣೆಗೆ ಮಿತಿಯಿದೆ ಎಂದು ತಿಳಿಸಿದ್ದು 2023ರ ಮಳೆಗಾಲದಲ್ಲಿ ಮೂಳೆ ವೈದ್ಯರು. ಎರಡೂ ಮಂಡಿಗಳು ಸವೆದಿವೆ, ವರ್ಷದೊಳಗೆ ಶಸ್ತ್ರಚಿಕಿತ್ಸೆ ಆಗಬೇಕು ಎಂದರು. ನನ್ನ ಹೃದಯದಲ್ಲಿ ಅದಾಗಲೇ ಒಂದು ಸ್ಟೆಂಟ್ ಇತ್ತು. ‘ಈ ವಯಸ್ಸಿನಲ್ಲಿ ಕಾಂಬೋಡಿಯಾ ಯಾಕೆ? ಇಲ್ಲಿಗೇ ಬನ್ನಿ, ಆರಾಮವಾಗಿರಿ’ ಎಂದ ಮಗ. ‘ಮೊದಲು ಮಂಡಿ ಮಾಡಿಸಿಕೊಳ್ಳಿ, ಆಮೇಲೆ ಊರು ಸುತ್ತುವುದು ಇದ್ದೇ ಇದೆ’ ಎಂದರು ಹಿತೈಷಿಗಳು. ನನ್ನ ಹೆಂಡತಿ ಎಲ್ಲರ ಮಾತನ್ನೂ ಕೇಳಿ, ರಾತ್ರಿ ಊಟಕ್ಕೆ ಕುಳಿತಾಗ ಒಂದೇ ಮಾತು ಹೇಳಿದಳು: ‘ರೀ, ಆಮೇಲೆ ಅನ್ನೋದನ್ನ ನಲವತ್ತು ವರ್ಷ ಕೇಳಿದ್ದೀನಿ.’

2024ರ ಜನವರಿಯಲ್ಲಿ ಹೊರಟೆವು. ಬ್ಯಾಂಕಾಕ್‌ನಲ್ಲಿ ವಿಮಾನ ಬದಲಿಸಿ ಸಿಯೆಮ್ ರೀಪ್ ತಲುಪಿದಾಗ ನಮಗಾಗಿ ಕಾದು ನಿಂತ ಮಗನಿರಲಿಲ್ಲ, ಅಳಿಯನಿರಲಿಲ್ಲ. ಯಾರ ಅತಿಥಿಗಳೂ ಅಲ್ಲದೆ, ಯಾರ ಸಹಾಯಕ್ಕೂ ಅಲ್ಲದೆ, ಕೇವಲ ನೋಡಲೆಂದು ನಾವಿಬ್ಬರೇ ಒಂದು ಪರದೇಶದ ನೆಲದ ಮೇಲೆ ನಿಂತದ್ದು ಅದೇ ಮೊದಲು. ಮೂರು ದಿನದ ಪ್ರವೇಶಕ್ಕೆ ತಲೆಗೆ 62 ಡಾಲರ್. ಪ್ರತಿ ಟಿಕೆಟಿನಿಂದ ಎರಡು ಡಾಲರ್ ಅಲ್ಲಿನ ಮಕ್ಕಳ ಆಸ್ಪತ್ರೆಗಳಿಗೆ ಹೋಗುತ್ತದೆ. ಅನ್ನಕ್ಕೆ ಕೊರತೆಯಿಲ್ಲದ ದೇಶ ಅದು. ಮೀನಿಲ್ಲದ ಅಡುಗೆ ಮಾತ್ರ ಅಪರೂಪ. ನಾವು ಒಯ್ದಿದ್ದ ಚಟ್ನಿಪುಡಿ ಮರ್ಯಾದೆ ಉಳಿಸಿತು.

ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಎರಡನೆಯ ಸೂರ್ಯವರ್ಮ ವಿಷ್ಣುವಿಗಾಗಿ ಕಟ್ಟಿಸಲು ತೊಡಗಿದ ಗುಡಿ ಅಂಗ್ಕೋರ್ ವಾಟ್. ಅವನು ಪಟ್ಟಕ್ಕೆ ಬಂದದ್ದು 1113ರಲ್ಲಿ. ಅದೇ ವರ್ಷಗಳಲ್ಲಿ ನಮ್ಮಲ್ಲಿ ಹೊಯ್ಸಳ ವಿಷ್ಣುವರ್ಧನನ ಆಳ್ವಿಕೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಸಮುದ್ರದಾಚೆ ಈಚೆ ಇಬ್ಬರು ಅರಸರು, ಒಬ್ಬನೇ ದೇವರಿಗೆ, ಒಂದೇ ಕಾಲದಲ್ಲಿ ಕಲ್ಲು ಕಡೆಸಿದರು. ಇಲ್ಲಿ ಬಳಪದ ಕಲ್ಲು, ಅಲ್ಲಿ ಮರಳುಗಲ್ಲು. ಇಲ್ಲಿ ಬೆರಳ ತುದಿಯ ನಾಜೂಕು, ಅಲ್ಲಿ ಸುಮಾರು 190 ಮೀಟರ್ ಅಗಲದ ಕಂದಕದಾಚೆ ಎದ್ದು ನಿಂತ ಮೇರುಪರ್ವತ. ಬೇಲೂರನ್ನು ಹತ್ತಾರು ಬಾರಿ ಕಂಡ ಕಣ್ಣಿಗೆ ಅದು ಪರದೇಶವೆನಿಸಲಿಲ್ಲ, ಸ್ವದೇಶವೆಂದೂ ಎನಿಸಲಿಲ್ಲ.

ಪೂರ್ವದ ಮೊಗಸಾಲೆಯಲ್ಲಿ ಸುಮಾರು 49 ಮೀಟರ್ ಉದ್ದಕ್ಕೆ ಸಮುದ್ರಮಥನದ ಉಬ್ಬುಶಿಲ್ಪವಿದೆ. ವಾಸುಕಿಯ ಹೆಡೆಯ ಕಡೆ ಅಸುರರು, ಬಾಲದ ಕಡೆ ದೇವತೆಗಳು, ನಡುವೆ ಕೂರ್ಮದ ಮೇಲೆ ವಿಷ್ಣು. ಬಾಲದ ತುದಿ ಹಿಡಿದು ನಿಂತವನು ಹನುಮಂತ! ‘ಇವನು ಇಲ್ಲಿಗೆ ಯಾವಾಗ ಬಂದ?’ ಎಂದು ನನ್ನ ಹೆಂಡತಿ ಅಲ್ಲೇ ನಿಂತುಬಿಟ್ಟಳು. ನಮ್ಮ ಪುರಾಣದಲ್ಲಿಲ್ಲದ ಹನುಮಂತ ಅವರ ಕಲ್ಲಿನಲ್ಲಿದ್ದ. ಕಥೆ ದೇಶ ದಾಟಿದಾಗ ಆ ದೇಶದ್ದೂ ಆಗುತ್ತದೆ ಎಂಬುದನ್ನು ಮೂರು ದಶಕ ಪಾಠ ಮಾಡಿದ್ದವಳು ಅಂದು ಅದನ್ನು ಕಣ್ಣಾರೆ ಕಂಡಳು.

ಗುಡಿಯ ಮೂರನೆಯ ಹಂತಕ್ಕೆ ಹೋಗುವ ಮೆಟ್ಟಿಲು ಏಣಿಯಂತೆ ಕಡಿದು. ಕಲ್ಲಿನ ಮೆಟ್ಟಿಲುಗಳ ಮೇಲೆ ಈಗ ಮರದ ಮೆಟ್ಟಿಲು, ಹಿಡಿಕಂಬಿ ಕೂಡಿಸಿದ್ದಾರೆ. ಸ್ಟೆಂಟಿನ ನಾನು ಹತ್ತುವಂತಿರಲಿಲ್ಲ. ಮಂಡಿಯ ಆಕೆ ಹತ್ತಬಾರದಿತ್ತು. ಆಕೆ ನೀರಿನ ಬಾಟಲಿ, ಟೋಪಿಗಳನ್ನು ನನ್ನ ಕೈಗಿತ್ತು, ಕಂಬಿ ಹಿಡಿದು, ಅಡ್ಡಲಾಗಿ ಒಂದೊಂದೇ ಮೆಟ್ಟಿಲು ಏರತೊಡಗಿದಳು. ಹಿಂದಿದ್ದ ಯುವಕರು ಅವಸರಿಸದೆ ನಿಂತರು. ಮುಕ್ಕಾಲು ಗಂಟೆಯ ನಂತರ ಇಳಿದು ಬಂದವಳನ್ನು ಮೇಲೆ ಏನಿದೆ ಎಂದು ಕೇಳಿದೆ. ‘ಗಾಳಿ ಚೆನ್ನಾಗಿದೆ. ವಿಷ್ಣು ಇದ್ದ ಜಾಗದಲ್ಲಿ ಬುದ್ಧ ಇದ್ದಾನೆ’ ಎಂದು ಕುಳಿತುಕೊಂಡಳು. ಮಂಡಿಯ ಮಾತೆತ್ತಲಿಲ್ಲ. ಜೊತೆಯಾಗಿ ಹೋಗುವುದೆಂದರೆ ಎಲ್ಲ ಮೆಟ್ಟಿಲನ್ನೂ ಇಬ್ಬರೂ ಹತ್ತುವುದಲ್ಲ. ಒಬ್ಬರು ಹತ್ತುವಾಗ ಇನ್ನೊಬ್ಬರು ಕೆಳಗಿರುವುದೂ ಅದರಲ್ಲಿ ಸೇರಿದೆ.

ನಮ್ಮ ಮಾರ್ಗದರ್ಶಿ ಐವತ್ತೈದು ದಾಟಿದವರು. ಅವರ ಊರು ಬಟ್ಟಂಬಾಂಗ್ ಪ್ರಾಂತ್ಯದ್ದು, ಅಲ್ಲಿಂದ ಅರ್ಧ ದಿನದ ದಾರಿ. ಸುಗ್ಗಿ ಮುಗಿದ ಮೇಲೆ ಅಂಗ್ಕೋರ್ ತೋರಿಸುವೆನೆಂದು ಅವರ ತಂದೆ ತಾಯಿಗೆ ಹೇಳುತ್ತಿದ್ದರಂತೆ. 1977ರಲ್ಲಿ ತಂದೆಯನ್ನು ಕರೆದೊಯ್ದವರು ಮರಳಿ ಕಳಿಸಲಿಲ್ಲ. ಅದೆಷ್ಟೋ ವರ್ಷಗಳ ನಂತರ ಮಗ ಕರೆದಾಗಲೂ ತಾಯಿ ಬರಲೊಪ್ಪಲಿಲ್ಲ. ಆ ಮನುಷ್ಯ ಇದನ್ನು ಯಾವ ಏರಿಳಿತವಿಲ್ಲದೆ, ಶಿಲ್ಪದ ವಿವರ ಹೇಳಿದಂತೆಯೇ ಹೇಳಿದರು. ಅಂದು ಮಧ್ಯಾಹ್ನ ನಾವಿಬ್ಬರೂ ಹೆಚ್ಚು ಮಾತನಾಡಲಿಲ್ಲ.

ನಮ್ಮ ಒಂಬತ್ತು ದಿನಗಳಿಗೆ ಇಬ್ಬರಿಗೂ ಸೇರಿ ಎರಡೂಮುಕ್ಕಾಲು ಲಕ್ಷ ರೂಪಾಯಿ ಖರ್ಚಾಯಿತು. ಇದು ಚಿಕ್ಕ ಮೊತ್ತವಲ್ಲ. ಈ ನಗರದ ಬಹುಪಾಲು ಜನರಿಗೆ ನಿಲುಕುವ ಮೊತ್ತವೂ ಅಲ್ಲ. ಆದರೆ ನಿಲುಕುವವರಲ್ಲೂ ಎಷ್ಟು ಜನ ಹೋಗುತ್ತಾರೆ? ಮನೆಗೆ ಇನ್ನೊಂದು ಅಂತಸ್ತು ಕಟ್ಟಿಸುವಾಗ, ಮದುವೆಯೂಟಕ್ಕೆ ಇನ್ನೆರಡು ಸಿಹಿ ಸೇರಿಸುವಾಗ ನಮಗೆ ಅದು ದುಂದೆನಿಸುವುದಿಲ್ಲ. ಗಂಡ ಹೆಂಡತಿ ತಮಗಾಗಿ ಮಾಡಿಕೊಳ್ಳುವ ಖರ್ಚಿಗೆ ಮಾತ್ರ ಸಮರ್ಥನೆ ಬೇಕಾಗುತ್ತದೆ. ಅದರಲ್ಲೂ ಹೆಂಡತಿಯ ಆಸೆಗೆ. ನೆರವಿಗೆ ಬೇಕೆಂದು ತಂದೆತಾಯಿಗೆ ಟಿಕೆಟ್ ಕಳಿಸುವ ಮಕ್ಕಳು ಒಮ್ಮೆಯಾದರೂ ‘ನೀವಿಬ್ಬರೂ ಎಲ್ಲಿಗೆ ಹೋಗಬೇಕೆಂದುಕೊಂಡಿದ್ದಿರಿ’ ಎಂದು ಕೇಳಿದರೆ ಉತ್ತರ ಕೇಳಿ ಬೆರಗಾಗಬಹುದು. ಅದು ವಿದೇಶವೇ ಆಗಬೇಕೆಂದಿಲ್ಲ, ಹಂಪೆಯಿರಬಹುದು, ಹಿಮಾಲಯವಿರಬಹುದು. ಸಂಸಾರದ ಲೆಕ್ಕದಲ್ಲಿ ಇದನ್ನು ಮಿಕ್ಕಿದ ಹಣಕ್ಕೆ ಬಿಡದೆ ಸಾಲದ ಕಂತು, ಶಾಲೆಯ ಶುಲ್ಕಗಳ ಸಾಲಿನಲ್ಲೇ ಬರೆದಿಡಬೇಕು.

2025ರ ಜುಲೈನಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯಾದ ಗಡಿಯಲ್ಲಿ, ಆ ಕಾಲದ ಶಿವಾಲಯಗಳ ಆಸುಪಾಸಿನಲ್ಲೇ, ಫಿರಂಗಿಗಳು ಸಿಡಿದವು, ಡಿಸೆಂಬರಿನಲ್ಲಿ ಮತ್ತೊಮ್ಮೆ. ನಮ್ಮ ಮಾರ್ಗದರ್ಶಿಗೆ ಸಂದೇಶ ಕಳಿಸಿದೆವು. ಕ್ಷೇಮವಾಗಿದ್ದೇವೆ, ಪ್ರವಾಸಿಗಳು ಕಡಿಮೆ ಎಂದು ಉತ್ತರ ಬಂತು. ಒಂಬೈನೂರು ವರ್ಷ ನಿಂತ ಕಲ್ಲು ಇನ್ನೂ ನಿಲ್ಲುತ್ತದೆ ಎಂದು ನಂಬೋಣ. ಅಲ್ಲಿಗೆ ಹೋಗುವ ದಾರಿ, ಹೋಗಬಲ್ಲ ಕಾಲು, ಜೊತೆಗೆ ಬರುವ ಕೈ, ಈ ಮೂರೂ ಒಟ್ಟಿಗೆ ಕೂಡಿಬರುವ ಕಾಲ ಅಷ್ಟು ದೀರ್ಘವಲ್ಲ.