ತೂಕದ ಆಪರೇಷನ್: ಹಿಂದಿನ ಪಥ್ಯ, ಮುಂದಿನ ಆರೈಕೆ
ತೂಕ ಇಳಿಸುವ ಆಪರೇಷನ್ ಒಂದೆರಡು ಗಂಟೆಯ ಕೆಲಸ. ಅದರ ಫಲ ನಿಂತಿರುವುದು ಹಿಂದಿನ ಸಿದ್ಧತೆ ಮತ್ತು ಮುಂದಿನ ವರ್ಷಗಳ ಆರೈಕೆಯ ಮೇಲೆ. ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಸುಮಾರು ಮುಕ್ಕಾಲು ಭಾಗ ತೆಗೆಯುತ್ತಾರೆ. ಅದಕ್ಕೆ ಮುನ್ನ ಸಾಮಾನ್ಯವಾಗಿ ಎರಡು ವಾರ ಕಡಿಮೆ ಕ್ಯಾಲೊರಿಯ ಪಥ್ಯವಿರುತ್ತದೆ. ಕೊಬ್ಬು ತುಂಬಿ ಊದಿದ ಯಕೃತ್ತು ಜಠರದ ಮೇಲೇ ಚಾಚಿಕೊಂಡಿರುತ್ತದೆ. ಅದು ಕುಗ್ಗಿದರೆ ಸರ್ಜನ್ನರಿಗೆ ಜಾಗ ಸಿಗುತ್ತದೆ. ಸಿಗರೇಟನ್ನೂ ವಾರಗಟ್ಟಲೆ ಮೊದಲೇ ಬಿಡಬೇಕು, ಇಲ್ಲದಿದ್ದರೆ ಗಾಯ ಮಾಯುವುದು ತಡ. ಹೇಗೂ ಬಾಯಿ ಕಟ್ಟಬೇಕಾದರೆ ಕತ್ತರಿ ಯಾಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಬರೀ ಪಥ್ಯದಿಂದ ತೂಕ ಇಳಿದಾಗ ದೇಹವೇ ಹಸಿವು ಹೆಚ್ಚಿಸುತ್ತದೆ. ಹಸಿವು ಕೆರಳಿಸುವ ಗ್ರೆಲಿನ್ ಹಾರ್ಮೋನು ಬಹುಪಾಲು ತಯಾರಾಗುವುದು ತೆಗೆದುಹಾಕುವ ಆ ಭಾಗದಲ್ಲೇ. 1987ರಲ್ಲಿ ಸ್ವೀಡನ್ನಿನಲ್ಲಿ ಶುರುವಾದ ಅಧ್ಯಯನವೊಂದು, ತೂಕದ ಆಪರೇಷನ್ ಮಾಡಿಸಿಕೊಂಡವರಲ್ಲಿ ಸಾವಿನ ಪ್ರಮಾಣ ಕಡಿಮೆಯೆಂದು 2007ರಲ್ಲಿ ತೋರಿಸಿತು. ಇದನ್ನು ಸೋಮಾರಿಗಳ ಅಡ್ಡದಾರಿ ಎನ್ನುವುದು ಅನ್ಯಾಯ.

ಚೇತರಿಕೆಯೇ ಕಠಿಣ. ಮೊದಲು ತಿಳಿ ದ್ರವ, ಆಮೇಲೆ ನುಣ್ಣಗೆ ಅರೆದದ್ದು, ಮೆತ್ತನೆಯದು. ಗಟ್ಟಿ ಊಟಕ್ಕೆ ಒಂದೂವರೆ ತಿಂಗಳಾದರೂ ಬೇಕು. ಮುದ್ದೆಯನ್ನು ಅಗಿಯದೆ ನುಂಗುವುದು, ಊಟದ ನಡುವೆ ನೀರು ಕುಡಿಯುವುದು ಎರಡನ್ನೂ ಬಿಡಬೇಕು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು, ನಾಲ್ಕು ತುತ್ತು ಅನ್ನ-ಸಾರಿನಲ್ಲಿ ಅದು ಸಿಗದು. ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಜೀವನಪರ್ಯಂತ. ಬಿ12 ಕೊರತೆಯಾದರೆ ಕೈಕಾಲು ಜೋಮು ಹಿಡಿದು ನರಗಳೇ ಕೆಡಬಹುದು. ಆಸ್ಪತ್ರೆ ಆರಿಸುವಾಗ ಖರ್ಚಿನ ಜೊತೆಗೆ, ಮುಂದಿನ ವರ್ಷಗಳ ರಕ್ತಪರೀಕ್ಷೆ ಯಾರು ನೋಡಿಕೊಳ್ಳುತ್ತಾರೆಂದೂ ಕೇಳಬೇಕು.