ಪ್ರೋತ್ಸಾಹಧನ ಬೇರೆ, ದುಡಿಮೆಯ ಬೆಲೆ ಬೇರೆ
ಕೊರೊನಾ ಕಾಲದ ಆಶಾ ಹೋರಾಟದಿಂದ ಹಾಲು ಉತ್ಪಾದಕರು ತಿಳಿಯಬೇಕಾದದ್ದು



ಡೇರಿಗೆ ಹಾಲು ಹಾಕುವ ನಿಮಗೆ ಲೆಕ್ಕವನ್ನು ಯಾರೂ ಹೇಳಿಕೊಡಬೇಕಿಲ್ಲ. ಇಷ್ಟು ಲೀಟರ್, ಇಷ್ಟು ಫ್ಯಾಟ್, ಇಷ್ಟು ಎಸ್‌ಎನ್‌ಎಫ್, ಅದಕ್ಕೆ ಇಷ್ಟು ದರ. ಅದರ ಮೇಲೆ ರಾಜ್ಯ ಸರ್ಕಾರದಿಂದ ಲೀಟರಿಗೆ ಇಷ್ಟು ಎಂದು ಪ್ರೋತ್ಸಾಹಧನ. ಪ್ರೋತ್ಸಾಹಧನ ಬರುವುದು ತಡವಾದರೂ ಬಟವಾಡೆ ದಿನ ಹಾಲಿನ ಹಣವಂತೂ ಬರುತ್ತದೆ. ಆ ದರವನ್ನೇ ತೆಗೆದು, ‘ಬರೀ ಪ್ರೋತ್ಸಾಹಧನದಲ್ಲೇ ಹಸು ಸಾಕಿ’ ಎಂದರೆ ನೀವು ಒಪ್ಪುತ್ತೀರಾ? ಹೆಚ್ಚುಕಡಿಮೆ ಇಂಥದೇ ಸ್ಥಿತಿಯಲ್ಲಿ ನಿಮ್ಮೂರಿನ ಆಶಾ ಕಾರ್ಯಕರ್ತೆ ಕೊರೊನಾ ಕಾಲದಲ್ಲಿ ದುಡಿದರು.

ಯಾರು ಈ ಆಶಾ?

2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಸುಮಾರು ಸಾವಿರ ಜನರಿಗೆ ಒಬ್ಬರಂತೆ ಆಶಾ ಕಾರ್ಯಕರ್ತೆಯರನ್ನು ನೇಮಿಸಲಾಯಿತು. ಗರ್ಭಿಣಿಯನ್ನು ಹೆರಿಗೆಗೆ ಕರೆದೊಯ್ಯುವುದು, ಮಗುವಿಗೆ ಲಸಿಕೆ ಹಾಕಿಸುವುದು, ಕ್ಷಯ ರೋಗಿ ಮಾತ್ರೆ ನುಂಗಿದರೇ ಎಂದು ನೋಡುವುದು ಅವರ ಕೆಲಸ. ಆದರೆ ಸರ್ಕಾರದ ಲೆಕ್ಕದಲ್ಲಿ ಅವರು ನೌಕರರಲ್ಲ, ಸ್ವಯಂಸೇವಕಿಯರು. 2020ರಲ್ಲಿ ಅವರಿಗೆ ಸಿಗುತ್ತಿದ್ದುದು ರಾಜ್ಯದ 4,000 ರೂ. ಮಾಸಿಕ ಗೌರವಧನ ಮತ್ತು ಒಂದೊಂದು ಕೆಲಸಕ್ಕೆ ಇಂತಿಷ್ಟು ಎಂದು ಕೇಂದ್ರದ ಪ್ರೋತ್ಸಾಹಧನ. ಮಾಡಿದ ಕೆಲಸ ಪೋರ್ಟಲ್‌ನಲ್ಲಿ ನಮೂದಾಗದಿದ್ದರೆ ಆ ಹಣವೂ ಇಲ್ಲ. ಹಾಲು ಹಾಕಿದ ಮೇಲೆ ಚೀಟಿ ಕೊಡದಿದ್ದರೆ ಹೇಗೋ ಹಾಗೆ.

ಲಾಕ್‌ಡೌನ್‌ನಲ್ಲಿ ಅವರು ಮತ್ತು ನಾವು

2020ರ ಮಾರ್ಚ್‌ನಲ್ಲಿ ದೇಶವೇ ಬಾಗಿಲು ಹಾಕಿಕೊಂಡಾಗ ಹಾಲು ಅಗತ್ಯ ವಸ್ತುಗಳ ಪಟ್ಟಿಯಲ್ಲಿತ್ತು. ಹೋಟೆಲ್, ಮದುವೆ ನಿಂತು ಹಾಲು ಮಿಕ್ಕಾಗ ಸರ್ಕಾರ ಮಿಕ್ಕ ಹಾಲನ್ನು ಕೊಂಡು ಕೊಳೆಗೇರಿಗಳ ಬಡವರಿಗೆ ಉಚಿತವಾಗಿ ಹಂಚಿತು. ನಮಗೆ ಸಂಘವಿತ್ತು, ಒಕ್ಕೂಟವಿತ್ತು, ಮಹಾಮಂಡಳವಿತ್ತು. ಹಾಗಾಗಿ ನಮ್ಮ ಮಾತು ವಿಧಾನಸೌಧದವರೆಗೆ ತಲುಪಿತು.

ಅದೇ ದಿನಗಳಲ್ಲಿ ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ಮನೆ ಮನೆ ಸುತ್ತುತ್ತಿದ್ದರು. ವೃದ್ಧರು, ಬಿಪಿ-ಸಕ್ಕರೆ ಕಾಯಿಲೆಯವರು, ಬಸುರಿಯರು ಯಾವ ಮನೆಯಲ್ಲಿದ್ದಾರೆ ಎಂದು ಗುರುತಿಸುವ ಸಮೀಕ್ಷೆಯಲ್ಲಿ ರಾಜ್ಯದ 1.68 ಕೋಟಿ ಮನೆಗಳ ಪೈಕಿ ಸುಮಾರು 1.59 ಕೋಟಿ ಮನೆಗಳನ್ನು ಮುಟ್ಟಲಾಯಿತು. ಊರಿಗೆ ಹೊಸದಾಗಿ ಯಾರು ಬಂದರು ಎಂದು ಬರೆದುಕೊಂಡು ಬೈಸಿಕೊಂಡವರೂ ಅವರೇ. ಆದರೆ ಸಾಕಷ್ಟು ಮಾಸ್ಕ್, ಕೈಗವಸು, ಸ್ಯಾನಿಟೈಸರ್ ಸಿಗುತ್ತಿಲ್ಲ ಎಂಬುದು ಅವರ ದೂರಾಗಿತ್ತು.

ಒಬ್ಬೊಬ್ಬರಾಗಿದ್ದವರು ಒಂದಾದದ್ದು

ಕಾರ್ಖಾನೆಯ ಕಾರ್ಮಿಕರಿಗೆ ಸೇರಲು ಒಂದು ಗೇಟು ಇರುತ್ತದೆ. ಆಶಾ ಕಾರ್ಯಕರ್ತೆಯರಿಗೆ ಅದಿಲ್ಲ, ಸಣ್ಣ ಊರಿಗೆ ಒಬ್ಬರೇ ಇರುತ್ತಾರೆ. ಆದರೂ ಅವರು ಸಂಘ ಕಟ್ಟಿದ್ದರು. ಕೊರೊನಾಕ್ಕೂ ಮುಂಚೆ, 2020ರ ಜನವರಿ 3ರಂದೇ, ಸಾವಿರಾರು ಜನ ಬೆಂಗಳೂರಿಗೆ ಬಂದು ಬೇಡಿಕೆ ಮುಂದಿಟ್ಟಿದ್ದರು. ಫಲ ಕಾಣದೆ ಜುಲೈ 10ರಿಂದ ರಾಜ್ಯದಾದ್ಯಂತ ಕೆಲಸ ನಿಲ್ಲಿಸಿದರು. ಮುಖ್ಯ ಬೇಡಿಕೆ ಎರಡು: ತಿಂಗಳಿಗೆ 12,000 ರೂ. ನಿಶ್ಚಿತ ಗೌರವಧನ ಮತ್ತು ಸುರಕ್ಷತಾ ಸಾಮಗ್ರಿ. ಜುಲೈ ಕೊನೆಗೆ ಸರ್ಕಾರದ ಭರವಸೆಯ ಮೇಲೆ ಮುಷ್ಕರ ನಿಂತಿತು. 12,000 ರೂ. ಮಾತ್ರ ಸಿಗಲಿಲ್ಲ.

‘ರೋಗದ ಕಾಲದಲ್ಲಿ ಕೆಲಸ ನಿಲ್ಲಿಸುವುದು ಸರಿಯೇ?’ ಎಂದು ಆಗ ಹಲವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಆದರೆ ಉತ್ತರಿಸುವ ಮುನ್ನ ನಮ್ಮದೇ ಚರಿತ್ರೆಯನ್ನು ನೆನೆಯೋಣ. 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ರೈತರು, ಖಾಸಗಿಯವರು ಕೊಟ್ಟಷ್ಟೇ ದರ ಎಂಬುದನ್ನು ಒಪ್ಪದೆ, 15 ದಿನ ಹಾಲು ಕೊಡುವುದನ್ನೇ ನಿಲ್ಲಿಸಿದರು. ಮುಂಬೈಗೆ ಹಾಲಿನ ಕೊರತೆಯಾಯಿತು. ಆ ಹೋರಾಟದಿಂದಲೇ ಖೇಡಾ ಹಾಲು ಒಕ್ಕೂಟ, ಮುಂದಿನ ಅಮುಲ್ ಹುಟ್ಟಿತು. ಇಂದು ನಮ್ಮೂರ ಡೇರಿ ನಡೆಯುತ್ತಿರುವುದೂ ಅದೇ ಮಾದರಿಯಲ್ಲಿ. ಹಾಲು ಚೆಲ್ಲುವುದು ಯಾವ ರೈತನಿಗೂ ಇಷ್ಟವಲ್ಲ. ರೋಗಿಯನ್ನು ಬಿಟ್ಟು ಧರಣಿ ಕೂರುವುದು ಯಾವ ಆಶಾಗೂ ಇಷ್ಟವಲ್ಲ. ಮನವಿಗೆ ಕಿವಿಗೊಡುವವರು ಇಲ್ಲದಾಗ ಮಾತ್ರ ಜನ ಅಲ್ಲಿಗೆ ಬರುತ್ತಾರೆ.

ಸಹಕಾರಿಗಳು ಕೊಟ್ಟದ್ದು, ಕೊಡಬೇಕಾದ್ದು

ಆ ವರ್ಷ ಸಹಕಾರ ಇಲಾಖೆಯ ಮೂಲಕ ರಾಜ್ಯದ ಸಹಕಾರ ಸಂಸ್ಥೆಗಳು ಪ್ರತಿ ಆಶಾ ಕಾರ್ಯಕರ್ತೆಗೆ 3,000 ರೂ. ಪ್ರೋತ್ಸಾಹಧನ ನೀಡಿದವು. ಅದು ಹೆಮ್ಮೆಯ ಕೆಲಸ. ಆದರೆ ಒಮ್ಮೆ ಕೊಡುವ ಕಾಣಿಕೆ ಬೇರೆ, ತಿಂಗಳು ತಿಂಗಳು ಬರಬೇಕಾದ ಬೆಲೆ ಬೇರೆ ಎಂಬುದು ಹಾಲಿನವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರನ್ನು ಪ್ರಶಸ್ತಿ ನೀಡಿ ಗೌರವಿಸಿತು. ಆದರೂ 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ನಾಲ್ಕು ದಿನ ಕೂರಬೇಕಾಯಿತು. ಆಗ ತಿಂಗಳಿಗೆ ಕನಿಷ್ಠ 10,000 ರೂ. ಸಿಗುವಂತೆ ಮಾಡುವ ಭರವಸೆ ದೊರೆಯಿತು.

ನಿಮ್ಮ ಸಂಘ ಮಾಡಬಹುದಾದ ಮೂರು ಕೆಲಸ:

• ವಾರ್ಷಿಕ ಮಹಾಸಭೆಗೆ ಊರಿನ ಆಶಾ ಕಾರ್ಯಕರ್ತೆಯನ್ನು ಕರೆಯಿರಿ. ಶಾಲು ಹೊದಿಸಿ ಕಳುಹಿಸಬೇಡಿ, ಹತ್ತು ನಿಮಿಷ ಮಾತನಾಡಲು ಬಿಡಿ.

• ಅವರ ಮನೆಯಲ್ಲಿ ಹಸು ಇದ್ದರೆ ಅವರ ಹೆಸರಿನಲ್ಲೇ ಸದಸ್ಯತ್ವ ಕೊಡಿ. ಸಹಕಾರ ಸಂಘದ ಸದಸ್ಯರಾದರೆ ಯಶಸ್ವಿನಿ ಆರೋಗ್ಯ ಯೋಜನೆಗೆ ಸೇರಲೂ ದಾರಿಯಾಗುತ್ತದೆ.

• ಅವರ ಸಂಘ ಮನವಿ ಸಲ್ಲಿಸುವಾಗ ನಿಮ್ಮ ಆಡಳಿತ ಮಂಡಳಿಯಿಂದ ಬೆಂಬಲದ ಪತ್ರ ಕೊಡಿ. ಇನ್ನೂರು ಸದಸ್ಯರ ಸಂಘದ ಮೊಹರಿಗೆ ತೂಕವಿದೆ.

ನಿಮ್ಮ ಒಂದೆರಡು ಲೀಟರ್ ಹಾಲಿಗೆ ಬೆಲೆ ಬಂದದ್ದು ಅದು ಹತ್ತು ಮನೆಯ ಹಾಲಿನ ಜೊತೆ ಒಂದೇ ಕ್ಯಾನಿಗೆ ಬಿದ್ದಾಗ. ನಿಮ್ಮ ಸೊಸೆಯನ್ನು ನಡುರಾತ್ರಿ ಹೆರಿಗೆಗೆ ಕರೆದೊಯ್ದವರ ದುಡಿಮೆಗೂ ಬೆಲೆ ಬರಬೇಕಾದರೆ ಅವರ ದನಿಗೆ ನಿಮ್ಮ ದನಿಯೂ ಸೇರಬೇಕು.